ಹತ್ತೊಂಬತ್ತು ಚಳಿಗಾಲದ ಫೋಲ್ಡರ್

ಸಂಶೋಧನಾ ಪ್ರಬಂಧದ ಕೊನೆಯ ಪುಟದ ಕೃತಜ್ಞತೆಯ ಸಾಲಿನಲ್ಲಿ, ದೋಣಿ ಬಾಡಿಗೆಗೆ ಕೊಟ್ಟವನ ಹೆಸರಿನ ಪಕ್ಕ, ಅರ್ಲೀನ್ ಹಾಕನ್ಸನ್ ಹೆಸರಿತ್ತು. ಹತ್ತೊಂಬತ್ತು ಚಳಿಗಾಲ ಮಿನ್ನೆಸೋಟದ ಒಂದು ಸರೋವರದ ಮೇಲೆ ಮಂಜುಗಡ್ಡೆ ಕೊರೆದು ನೀರಿನ ಉಷ್ಣತೆ ಅಳೆದವಳು ಅವಳು. ಲೇಖಕರ ಜಾಗದಲ್ಲಿ ಇದ್ದದ್ದು ಡಾ. ಪ್ರೆಸ್ಕಾಟ್ ಒಬ್ಬರದೇ ಹೆಸರು.

"ಐಸ್ ಕೊರೆದ್ಯಲ್ಲ, ಅದಕ್ಕೆ ನಿನ್ನನ್ನೂ ನೆನೆಸ್ಕೊಂಡಿದೀನಿ ನೋಡು," ಎಂದು ಪ್ರೆಸ್ಕಾಟ್ ನಕ್ಕರು.

"ದೊಡ್ಡ ಮನಸ್ಸು ಡಾಕ್ಟ್ರೇ," ಎಂದಳು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬೂಟು ಕಳಚಿಟ್ಟು ಮಾಮೂಲಿನಂತೆ ಕಾಫಿಗೆ ನೀರಿಟ್ಟಳು.

ಮಾರ್ಚ್ ಮುಗಿಯುವುದರೊಳಗೆ ಮೂಲ ಅಂಕಿಅಂಶಗಳನ್ನು ಪತ್ರಿಕೆಗೆ ಕಳಿಸದಿದ್ದರೆ ಪ್ರಬಂಧ ಪ್ರಕಟವಾಗುವುದಿಲ್ಲ. ಅವಿದ್ದದ್ದು ಪ್ರೆಸ್ಕಾಟರ ಕಂಪ್ಯೂಟರಿನ ಒಂದೇ ಫೋಲ್ಡರಿನಲ್ಲಿ. ಬ್ಯಾಕಪ್ ಡಿಸ್ಕ್ ಕೆಟ್ಟು ಆರು ತಿಂಗಳಾಗಿತ್ತು. ಫೋಲ್ಡರ್ ಮಾಯವಾದರೆ ಅವರು ತಮ್ಮ ಕೈ ತಪ್ಪಿತೆಂದೇ ತಿಳಿಯುತ್ತಾರೆ. ಆ ಕೈಯ ಪ್ರತಾಪ ಪ್ರಯೋಗಾಲಯಕ್ಕೆಲ್ಲ ಗೊತ್ತು. ಹತ್ತು ದಿನ ತಲೆ ಚಚ್ಚಿಕೊಳ್ಳಲಿ. ಆಮೇಲೆ ಅವಳು, ತನ್ನ ಹಳೆಯ ನೋಟ್‌ಬುಕ್ಕುಗಳಿಂದ ಎಲ್ಲವನ್ನೂ ಮತ್ತೆ ಕೂಡಿಸಿದ್ದೇನೆ ಎಂದು ಮುಂದಿಡುತ್ತಾಳೆ. ಆಗ ಅವಳ ಹೆಸರು ಮೊದಲ ಪುಟಕ್ಕೆ ಬರಲೇಬೇಕು.

ಆದರೆ ಆ ಕಂಪ್ಯೂಟರು ಬರೀ ಕಪ್ಪು ಪರದೆ. ಮೌಸ್‌ಗೆ ಅದು ಕ್ಯಾರೇ ಅನ್ನುವುದಿಲ್ಲ, ಆಜ್ಞೆ ಟೈಪ್ ಮಾಡಬೇಕು. ಅರ್ಲೀನ್ ಮನೆಯಲ್ಲಿ ಮೂರು ವಾರ ಕಲಿತಳು. 'ಮ್ಯಾನ್' ಎಂದು ಬರೆದು ಮುಂದೆ ಯಾವ ಆಜ್ಞೆಯ ಹೆಸರಿಟ್ಟರೂ ಯಂತ್ರವೇ ಅದರ ವಿವರ ಹೇಳುತ್ತಿತ್ತು. 'ಎಲ್‌ಎಸ್' ಪಟ್ಟಿ ತೋರಿಸುತ್ತದೆ. 'ಸಿಪಿ' ನಕಲು ಮಾಡುತ್ತದೆ. 'ಆರ್‌ಎಂ' ಅಳಿಸುತ್ತದೆ, ಹಿಂದುಮುಂದು ನೋಡುವುದಿಲ್ಲ. ತನ್ನ ಅಡುಗೆ ಟಿಪ್ಪಣಿಗಳನ್ನೆಲ್ಲ ಅಳಿಸಿ ಕೈ ಪಳಗಿಸಿಕೊಂಡಳು. ಕೊಟ್ಟ ಆಜ್ಞೆಗಳೆಲ್ಲ ಒಂದು ಬಚ್ಚಿಟ್ಟ ಕಡತದಲ್ಲಿ ದಾಖಲಾಗುತ್ತವೆ ಎಂಬುದನ್ನೂ ಓದಿದಳು. ಅದನ್ನೂ ಅಳಿಸಿದರಾಯಿತು.

ಶುಕ್ರವಾರ ಮಧ್ಯಾಹ್ನ ಪ್ರೆಸ್ಕಾಟ್ ಚರ್ಚಿನ ಮೀನೂಟಕ್ಕೆ ಹೋದರು. ಪರದೆಗೆ ಬೀಗ ಹಾಕುವ ಅಭ್ಯಾಸ ಅವರಿಗಿಲ್ಲ. ಅರ್ಲೀನ್ ಪೆನ್‌ಡ್ರೈವ್ ಸಿಕ್ಕಿಸಿ ಫೋಲ್ಡರನ್ನು ನಕಲು ಮಾಡಿಕೊಂಡಳು. ಮೂಲವನ್ನು ಅಳಿಸಿದಳು. ಹತ್ತೊಂಬತ್ತು ವರ್ಷ ಹೋಗಲು ಒಂದು ಉಸಿರಿನಷ್ಟು ಹೊತ್ತೂ ಬೇಕಾಗಲಿಲ್ಲ. ಅವಳಿಗೆ ಏನೂ ಅನ್ನಿಸಲಿಲ್ಲ. ದಾಖಲೆಯ ಕಡತವನ್ನೂ ಅಳಿಸಿ, ಪಟ್ಟಿ ತರಿಸಿ ನೋಡಿದಳು. ಇರಲಿಲ್ಲ. ಕೆಲಸ ಮುಗಿದ ಮೇಲೆ ಯಾವ ಉಪಕರಣವನ್ನೂ ತೆರೆದಿಟ್ಟು ಹೋದವಳಲ್ಲ ಅವಳು. 'ಎಕ್ಸಿಟ್' ಎಂದು ಬರೆದು ಪರದೆಯ ಮೇಲಿನ ಆಜ್ಞೆಗಳ ಕಿಟಕಿ ಮುಚ್ಚಿದಳು.

"ನೀನೂ ಬರ್ಬೇಕಿತ್ತು ಕಣೇ, ಮೀನು ಏನ್ ಗರಿಗರಿಯಾಗಿತ್ತು ಗೊತ್ತಾ!" ಪ್ರೆಸ್ಕಾಟ್ ಬಂದು ಕೂತು ಹೊಸ ಕಿಟಕಿ ತೆರೆದರು. "ಈ ಹಾಳಾದ್ದು ಒಂದೂ ನೆನಪಿರಲ್ಲ ನಂಗೆ. ನಿನ್ನೆ ಕೊಟ್ಟಿದ್ದೇ ಮತ್ತೆ ಬರ್ಲಿ," ಎನ್ನುತ್ತ, ಹಿಂದೆ ಕೊಟ್ಟ ಆಜ್ಞೆಗಳನ್ನು ಒಂದೊಂದಾಗಿ ಮರಳಿ ತರುವ ಮೇಲ್ಮುಖದ ಬಾಣದ ಕೀಲಿ ಒತ್ತತೊಡಗಿದರು. ಕಿಟಕಿ ತೆರೆದಿರುವಷ್ಟು ಹೊತ್ತು ಯಂತ್ರ ಆಜ್ಞೆಗಳನ್ನು ತನ್ನ ತಲೆಯಲ್ಲೇ ಇಟ್ಟುಕೊಂಡಿದ್ದು, ಮುಚ್ಚುವಾಗ ಮಾತ್ರ ಕಡತಕ್ಕೆ ಬರೆಯುತ್ತದೆ, ಕಡತವಿಲ್ಲದಿದ್ದರೆ ಹೊಸದನ್ನೇ ಮಾಡಿಕೊಳ್ಳುತ್ತದೆ ಎಂಬ ಸಾಲನ್ನು ಅರ್ಲೀನ್ ಓದಿರಲಿಲ್ಲ. ಮೊದಲು 'ಎಕ್ಸಿಟ್' ಬಂತು. ಆಮೇಲೆ 'ಎಲ್‌ಎಸ್', ಆಮೇಲೆ ಎರಡು 'ಆರ್‌ಎಂ'. ಪ್ರೆಸ್ಕಾಟ್ ಹುಬ್ಬು ಗಂಟಿಕ್ಕಿ ಇನ್ನೊಮ್ಮೆ ಒತ್ತಿದರು. ಫೋಲ್ಡರನ್ನು ನಕಲು ಮಾಡಿದ ಸಾಲು ಬಂತು, ಅದರ ತುದಿಯಲ್ಲಿ ಪೆನ್‌ಡ್ರೈವಿಗೆ ಅವಳೇ ಇಟ್ಟ ಹೆಸರು: ಅರ್ಲೀನ್ ಹಾಕನ್ಸನ್.