ವ್ಯಾನಿನ ಕೆಳಗಿಂದ ಬಂದ ಪ್ರಶ್ನೆ

ಸಿಂಚನಾ ಬರುವಷ್ಟರಲ್ಲಿ ಮನೀಷ್ ಆಗಲೇ ವ್ಯಾನಿನ ಕೆಳಗೆ ಮಲಗಿದ್ದ. ಕುವೈತಿನ ಎಗೈಲಾ ಬಡಾವಣೆಯ ಆ ಪಾರ್ಕಿಂಗಿನಲ್ಲಿ ಅವನ ಕಾಲುಗಳಷ್ಟೇ ಹೊರಗೆ ಕಾಣುತ್ತಿದ್ದವು. ಒಂದು ಸಾಕ್ಸ್ ಕಪ್ಪು, ಇನ್ನೊಂದು ನೀಲಿ.

“ಮೇಡಮ್ನೋರು ಬಂದ್ರಾ?” ಎಂದವು ಕಾಲುಗಳು.

“ಬಂದೆ. ಸಾಕ್ಸ್ ಜೋಡಿ ತಪ್ಪಿದೆ.”

“ಮೊದ್ಲು ಹೀಟರ್ ನೋಡಿ. ಸಾಕ್ಸ್ ಆಮೇಲೆ ರಿಪೇರಿ ಮಾಡೋಣ.”

ಚಳಿಗಾಲದಲ್ಲಿ ಮರಳುಗಾಡಿನಲ್ಲಿ ಟೆಂಟ್ ಹಾಕುವವರ ಜೊತೆ ಹೋಗಲೆಂದು ಅವನು ಕೊಂಡಿದ್ದ, ಯೂರೋಪಿನಿಂದ ಬಂದ ಹಳೇ ವ್ಯಾನು ಅದು. ಒಳಗಿನ ಡೀಸೆಲ್ ಹೀಟರ್ ಈಗ ಹೊತ್ತುತ್ತಿರಲಿಲ್ಲ. ಅದು ಸರಿಯಾದರೆ ಮಾತ್ರ ಕೊಳ್ಳುತ್ತೇನೆ ಎಂದಿದ್ದ ಅಬ್ದುಲ್ ನಾಸಿರ್ ಮಧ್ಯಾಹ್ನ ಬರುವವನಿದ್ದ. ವ್ಯಾನು ಮಾರಿಹೋದರೆ ಕುವೈತಿನಲ್ಲಿ ಉಳಿಯಲು ಬೇರೆ ನೆಪವಿಲ್ಲ, ಒಮಾನಿನ ಕೆಲಸಕ್ಕೆ ಒಪ್ಪಿಗೆ ಕೊಟ್ಟುಬಿಡುತ್ತೇನೆ ಎಂದು ಮನೀಷ್ ಹೇಳಿದ್ದ. ಹೇಳಿ ಅವಳ ಮುಖ ನೋಡಿದ್ದ. ಅವಳು ಮುಖ ತಿರುಗಿಸಿ “ಒಳ್ಳೇದು” ಎಂದಿದ್ದಳು. ಆಮೇಲೆ ರಾತ್ರಿಯೆಲ್ಲ ನಿದ್ದೆ ಬಂದಿರಲಿಲ್ಲ.

ಶುಐಬಾದ ಕಾರ್ಖಾನೆಯಲ್ಲಿ ಸೆನ್ಸರುಗಳನ್ನು ನೋಡಿಕೊಳ್ಳುವುದೇ ಅವಳ ಕೆಲಸ. ಹೀಟರಿನ ತಾಪ ಅಳೆಯುವ ಸೆನ್ಸರನ್ನು ಮನೀಷ್ ಹೊಸದು ಹಾಕಿಸಿದರೂ ದೋಷ ಹೋಗಿರಲಿಲ್ಲ. ಅವಳು ಮೀಟರ್ ಹಿಡಿದಳು. ಸೆನ್ಸರಿನ ಬುಡದಲ್ಲಿ ಅಂಕಿ ಸರಿಯಾಗಿತ್ತು. ಅದೇ ತಂತಿ ಕಂಟ್ರೋಲ್ ಬಾಕ್ಸಿಗೆ ಬರುವ ತುದಿಯಲ್ಲಿ ಏನೂ ಇರಲಿಲ್ಲ.

“ಸೆನ್ಸರ್ ಪಾಪ, ಸರಿಯಾಗೇ ಇದೆ. ನಡುವೆ ಎಲ್ಲೋ ತಂತಿ ಮುರಿದಿದೆ. ಎಳೀಬೇಡಿ, ಮೆಲ್ಲಗೆ ಬಗ್ಗಿಸ್ತಾ ಬನ್ನಿ.”

ಅವನು ಕೆಳಗಿಂದ ಬಗ್ಗಿಸುತ್ತಾ ಬಂದ. ತಂತಿ ವ್ಯಾನಿನ ನೆಲದ ತೂತು ದಾಟುವಲ್ಲಿ ಮೀಟರಿನಲ್ಲಿ ಅಂಕಿ ಮೂಡಿ ಮಾಯವಾಯಿತು.

ಸಿಂಚನಾ ಮೀಟರನ್ನೇ ನೋಡಿದಳು. ಕೆಳಗಿದ್ದವನಿಗೆ ಮೀಟರ್ ಕಾಣುವುದಿಲ್ಲ. ಸಿಗಲಿಲ್ಲ ಎಂದರೆ ಸಾಕು, ಅಬ್ದುಲ್ ನಾಸಿರ್ ಬಂದ ದಾರಿ ಹಿಡಿಯುತ್ತಾನೆ.

“ಏನಾದ್ರೂ ಬಂತಾ?”

“ಇನ್ನೊಂದ್ಸಲ ಬಗ್ಗಿಸಿ.” ಅಂಕಿ ಮತ್ತೆ ಬಂತು. “ಅಲ್ಲೇ. ಈಗ ನಿಮ್ಮ ಬೆರಳಿರೋ ಜಾಗ.”

ಮನೀಷ್ ತೆವಳುತ್ತಾ ಹೊರಗೆ ಬಂದ.

ಮೇಲಿನ ಹೊದಿಕೆ ಸುಲಿದಾಗ ಒಳಗೆ ತಾಮ್ರ ಹಸಿರುಗಟ್ಟಿ ಮುರಿದಿತ್ತು. ಬೆಸುಗೆ ಹಾಕಿ ಸ್ವಿಚ್ ಒತ್ತಿದರು. ಪಂಪು ಟಿಕ್ ಟಿಕ್ ಎಂದು ಡೀಸೆಲ್ ಎಳೆಯಿತು. ಕಾಲ ಬಳಿ ಬೆಚ್ಚನೆಯ ಗಾಳಿ ಆಡತೊಡಗಿತು.

ಮನೀಷ್ ಅವಳನ್ನೇ ನೋಡಿದ. ಹುಬ್ಬಿನ ಮೇಲೆ ಗ್ರೀಸಿನ ಗೆರೆ. “ಸಿಗ್ಲಿಲ್ಲ ಅನ್ನಬಹುದಿತ್ತು ನೀವು.”

“ಮೀಟರ್ ನೋಡ್ಕೊಂಡು ಸುಳ್ಳು ಹೇಳೋಕೆ ನಂಗೆ ಬರಲ್ಲ.”

“ಸರಿ ಬಿಡಿ.”

“ಪೂರ್ತಿ ಕೇಳಿ.” ಅವಳು ಮೀಟರಿನ ವೈರು ಸುತ್ತುತ್ತಲೇ ಹೇಳಿದಳು. “ಹೋಗ್ಬೇಡಿ ಅಂತ ಹೇಳೋಕೆ ಬರುತ್ತೆ. ಹೇಳ್ತಿದೀನಿ.”

“ಗಾಡಿಗೆ ಹೇಳ್ತಿದೀರೋ, ನಂಗೋ?”

“ಗಾಡಿ ಯಾರಿಗ್ರೀ ಬೇಕು!”

ಅಷ್ಟರಲ್ಲಿ ಅಬ್ದುಲ್ ನಾಸಿರ್ ಬಂದ. ಬಿಸಿಗಾಳಿಗೆ ಅಂಗೈ ಒಡ್ಡಿ ಖುಷಿಪಟ್ಟ. “ಯಲ್ಲಾ, ಬೇಗ ಕೀ ಕೊಡಿ.”

“ಸಾರಿ ಭಾಯಿ. ಮಾರಲ್ಲ,” ಎಂದ ಮನೀಷ್.

“ಎಂತ ಮಾರಾಯ್ರೇ! ಹಾಳಾಗಿರುವಾಗ ಮಾರ್ತೇನೆ ಅಂತೀರಿ, ಸರಿಯಾದ ಮೇಲೆ ಇಲ್ಲ ಅಂತೀರಿ!” ಅವನು ಮನೀಷನನ್ನು ನೋಡಿದ, ಸಿಂಚನಾಳನ್ನು ನೋಡಿದ. “ಓ... ಖಲಾಸ್. ನಾನು ಬಂದದ್ದೇ ತಪ್ಪು.” ನಗುತ್ತಲೇ ತನ್ನ ಕಾರಿನತ್ತ ನಡೆದ.

ಮನೀಷ್ ಫೋನ್ ತೆಗೆದ. “ಒಮಾನಿನವರಿಗೆ ಏನಂತ ಬರೀಲಿ?”

“ಬರಲ್ಲ ಅಂತ ಬರೀರಿ.” ಅವಳು ಈ ಸಲ ಮುಖ ತಿರುಗಿಸಲಿಲ್ಲ. “ಕಾರಣ ಕೇಳಿದ್ರೆ ನನ್ನ ಹೆಸರು ಹೇಳಿ.”