ಪಟ್ಟಿಯಿಲ್ಲದ ರಜಾಯಿ

ಮೂಗಿನೊಳಗೆ ಗರಿ. ಬಾಯೊಳಗೆ ಗರಿ. ಬೆನ್ನ ಮೇಲೆ ಫ್ಯಾಕ್ಟರಿಯ ತೊಂಬತ್ತು ಕೆಜಿಯ ಡ್ರೈವರ್.

ನನ್ನ ತಲೆಯನ್ನು ಗರಿಯ ತೊಟ್ಟಿಯೊಳಗೆ ಅದುಮಿ ಹಿಡಿದಿದ್ದ. ಕೂಗಿದರೆ ಸದ್ದೇ ಹೊರಡದು... ಉಸಿರೆಳೆದರೆ ಬರೀ ಪುಡಿ.

ಆಗ ಬೆಳಿಗ್ಗೆ ಹತ್ತೂಕಾಲು. ಹನ್ನೊಂದಕ್ಕೆ ವಿಚಾರಣೆ. ನಾನು ತಲುಪದಿದ್ದರೆ ಅಕ್ಕ ಜೈಲಿಗೆ.

ಅಕ್ಕ ಆ ರಜಾಯಿ ಫ್ಯಾಕ್ಟರಿಯಲ್ಲಿ ಹದಿನೆಂಟು ವರ್ಷದಿಂದ ಹೊಲಿಗೆಯವಳು. ಹಿಮದ ಬೆಟ್ಟದ ಕಾವಲು ಠಾಣೆಗೆ ಅಲ್ಲಿಂದ ನಲವತ್ತು ರಜಾಯಿ ಹೋಗಿದ್ದವು. ಒಂದನ್ನು ಹೊದ್ದು ಮಲಗಿದ ಕಾವಲುಗಾರನ ಕಾಲು ಹೆಪ್ಪುಗಟ್ಟಿತು. ಡಾಕ್ಟರು ನಾಲ್ಕು ಬೆರಳು ಕತ್ತರಿಸಿದರು. ಬಾತುಕೋಳಿಯ ಮೆತ್ತನೆಯ ತುಪ್ಪಳ ಕದ್ದು ಕಸ ತುಂಬಿದವಳು ಹೊಲಿಗೆಯವಳೇ ಎಂದು ಮಾಲೀಕ ದೂರು ಕೊಟ್ಟ.

ಅಕ್ಕ ತುಟಿ ಬಿಚ್ಚಲಿಲ್ಲ.

ಊರವರ ಗುಟ್ಟು ಕೆದಕುವ ಪತ್ತೇದಾರಿಕೆ ನನ್ನ ಕಸುಬು. ಈ ಸಲ ಮನೆಯದೇ ಕೇಸು ಗಂಟುಬಿತ್ತು. ಅದೇ ಆರ್ಡರಿನ ಒಂದು ರಜಾಯಿ ಸೀಲ್ ಸಮೇತ ಗೋದಾಮಿನಲ್ಲಿ ಉಳಿದಿತ್ತು. ಎತ್ತಲು ಹೋಗಿ ಸಿಕ್ಕಿಬಿದ್ದಿದ್ದೆ.

ಕೈ ತಡಕಾಡಿತು... ಗರಿ ಊದುವ ಬ್ಲೋವರ್‌ನ ಸ್ವಿಚ್. ಒತ್ತಿದೆ.

ಇಡೀ ರೂಮು ಬೆಳ್ಳಗಾಯಿತು. ಡ್ರೈವರ್ ಕೆಮ್ಮಿದ. ಹಿಡಿತ ಸಡಿಲವಾಯಿತು. ಅವನ ಪಕ್ಕೆಗೆ ಮೊಣಕೈ ಬಿಟ್ಟೆ. ರಜಾಯಿ ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲು ಹಾರಿ ಬೈಕ್ ಹತ್ತಿದೆ. ವ್ಯಾನು ಬೆನ್ನಿಗೆ ಬಿತ್ತು. ವ್ಯಾನು ಹಿಡಿಸದ ಗಲ್ಲಿಗೆ ನುಗ್ಗಿದೆ... ಹಿಂದೆ ಬಂಪರ್ ಗೋಡೆಗೆ ಬಡಿದ ಸದ್ದು.

ಹನ್ನೊಂದಕ್ಕೆ ಎರಡು ನಿಮಿಷ. ತಲೆತುಂಬ ಗರಿ ಹೊತ್ತು ವಿಚಾರಣೆಯ ಅಧಿಕಾರಿಯ ಮುಂದೆ ನಿಂತೆ. ಸೀಲ್ ಮೇಲಿನ ಸಹಿ ಯಾರದೆಂದು ಆಕೆ ಕೇಳಿದರು. ಮಾಲೀಕ ತನ್ನದೇ ಎಂದ.

ರಜಾಯಿಯನ್ನು ಬ್ಲೇಡಿನಿಂದ ಸೀಳಿದೆ.

ತುಪ್ಪಳಕ್ಕೆ ಗರಿಯಂತೆ ನಡುವೆ ಕಡ್ಡಿ ಇರುವುದಿಲ್ಲ. ಮುಷ್ಟಿಯಲ್ಲಿ ಹಿಂಡಿ ಬಿಟ್ಟರೆ ಮತ್ತೆ ಉಬ್ಬುತ್ತದೆ, ಅದರಲ್ಲಿ ನಿಂತ ಗಾಳಿಯೇ ಮೈ ಬೆಚ್ಚಗಿಡುವುದು. ಇಲ್ಲಿದ್ದದ್ದು ಹಿಂಡಿದರೆ ಹಿಂಡಿದಂತೆಯೇ ಉಳಿಯಿತು. ಬರೀ ಗರಿಯ ತುಂಡು. ಒಂದೊಂದು ಕಡ್ಡಿಯ ತುದಿಯೂ ಮೆಷಿನ್ನಿನಲ್ಲಿ ಕೊಯ್ದಷ್ಟು ನೇರ. ಆ ಮೆಷಿನ್ ಇದ್ದದ್ದು ಮಾಲೀಕನ ಬೀಗದ ಕೋಣೆಯಲ್ಲಿ.

ಆಮೇಲೆ ಹೊಲಿಗೆ. ಮೇಲಿನ ಬಟ್ಟೆಗೂ ಕೆಳಗಿನ ಬಟ್ಟೆಗೂ ನಡುವೆ ಗೋಡೆಯಂತೆ ಪಟ್ಟಿ ನಿಲ್ಲಿಸಿ ಹೊಲಿಯಬೇಕೆಂದು ಆರ್ಡರಿನಲ್ಲಿತ್ತು. ಪಟ್ಟಿಯೇ ಇರಲಿಲ್ಲ. ಎರಡು ಬಟ್ಟೆಯನ್ನೂ ಸೇರಿಸಿ ನೇರ ಹೊಲಿಯಲಾಗಿತ್ತು. ಅಧಿಕಾರಿ ಅದನ್ನು ಕಿಟಕಿಗೆ ಹಿಡಿದರು. ಹೊಲಿಗೆಯ ಸಾಲುದ್ದಕ್ಕೂ ಬೆಳಕು ತೂರಿತು. ಚಳಿಯೂ ಅದೇ ದಾರಿಯಲ್ಲಿ ತೂರಿತ್ತು.

ಆದರೂ ಮಾಲೀಕ ಬಿಡಲಿಲ್ಲ. ಅಕ್ಕನತ್ತ ಬೆರಳು ತೋರಿಸಿದ.

"ಹೊಲಿದೋಳು ಅವಳೇ ತಾನೆ?"

ಅಕ್ಕ ಎದ್ದು ನಿಂತಳು. ಸುಮ್ಮನಿರು ಎಂದು ಕಣ್ಣಲ್ಲೇ ಬೇಡಿಕೊಂಡೆ. ಅವಳು ನನ್ನತ್ತ ನೋಡಲೇ ಇಲ್ಲ.

"ಹೌದು ಮೇಡಂ. ಪಟ್ಟಿ ಬೇಡ, ಬೇಗ ಮುಗಿಸು ಅಂದ್ರು ಮಾಲೀಕರು. ಚಳಿ ತಡೆಯಲ್ಲ ಅಂತ ಗೊತ್ತಿದ್ದೂ ಹೊಲಿದೆ. ಕದ್ದಿಲ್ಲ... ಆದ್ರೆ ಹೊಲಿದಿದ್ದು ನಾನೇ."

ಇಷ್ಟು ದಿನ ಅವಳ ಬಾಯಿ ಕಟ್ಟಿದ್ದು ಹೆದರಿಕೆ ಎಂದುಕೊಂಡಿದ್ದೆ. ಅದು ನಾಚಿಕೆ.

ಮಾಲೀಕನನ್ನು ಪೊಲೀಸರು ಕರೆದೊಯ್ದರು. ಅಕ್ಕನನ್ನು ಸಾಕ್ಷಿ ಮಾಡಿಕೊಂಡರು. ಫ್ಯಾಕ್ಟರಿಗೆ ಬೀಗ ಬಿತ್ತು, ಅವಳ ಕೆಲಸಕ್ಕೂ.

ಹೊರಗೆ ಬೆಂಚಿನ ಮೇಲೆ ಆ ಕಾವಲುಗಾರ ಕೂತಿದ್ದ, ಊರುಗೋಲು ಹಿಡಿದು. ಅಕ್ಕ ತಲೆಯೆತ್ತಲಾರದೆ ನಿಂತಳು. ಅವನು ತುಂಬಾ ಹೊತ್ತು ಅವಳ ಕೈಗಳನ್ನೇ ನೋಡಿದ.

"ನನಗೊಂದು ಹೊಲಿದುಕೊಡಿ ಅಮ್ಮ. ಈ ಸಲ ಪಟ್ಟಿ ಇಟ್ಟು... ಕಾಲಲ್ಲಿ ಉಳಿದಿರೋದು ಇನ್ನು ಆರೇ ಬೆರಳು."