ಹಳದಿ ಗುಂಡಿ

ಕಾರು ಹೊರಡಲಿಲ್ಲ.

ಬಾಣಂತನ ಮುಗಿಸಿಕೊಂಡು ಇಂಚರಾ ಮೈಸೂರಿನ ತವರಿನಿಂದ ತಿರುಮಕೂಡಲು ನರಸೀಪುರದ ಗಂಡನ ಮನೆಗೆ ಹೊರಟ ದಿನ ಅದು. ಅಮ್ಮ ಅವಳಿಗೆ ಅಕ್ಕಿ, ಬೆಲ್ಲ, ತೆಂಗಿನಕಾಯಿ, ರವಿಕೆಕಣ ಇಟ್ಟು ಮಡಿಲು ತುಂಬಿದ್ದಳು. ಮಗು ನೇಸರನ ಹಣೆಗೂ ಅಂಗಾಲಿಗೂ ಕಾಡಿಗೆಯ ಬೊಟ್ಟು ಬಿದ್ದಿತ್ತು. ಕರೆದೊಯ್ಯಲು ಬಂದಿದ್ದ ಅತ್ತೆ ಚೈತ್ರಾ ಮೊಮ್ಮಗನನ್ನು ಎದೆಗವಚಿಕೊಂಡು ಹಿಂದಿನ ಸೀಟಿನಲ್ಲಿ ಕೂತಿದ್ದರು. ರಾಹುಕಾಲ ಹತ್ತಿರವಾಗುತ್ತಿತ್ತು. ಚೈತ್ರಾರ ಮಗ ಧ್ಯಾನ್ 'ನಡಿ' ಎಂದು ಎರಡು ಸಲ ಹೇಳಿದರೂ ಕಾರು ಅಲುಗಲಿಲ್ಲ.

"ಮಗುವನ್ನು ಆಸನದಲ್ಲಿ ಕೂರಿಸಿ" ಎಂದಿತು ಕಾರು, ಬೇಸರವಿಲ್ಲದ ದನಿಯಲ್ಲಿ.

ಚೈತ್ರಾ ಕಣ್ಣು ಮಿಟುಕಿಸಿ, ಸೊಸೆಯ ಸೆರಗಿನಲ್ಲಿದ್ದ ಅಕ್ಕಿಗಂಟನ್ನು ತೆಗೆದು ಪಕ್ಕದ ಪುಟ್ಟ ಆಸನದಲ್ಲಿಟ್ಟು ಪಟ್ಟಿ ಬಿಗಿದರು. ತೂಕಕ್ಕೇನೂ ಕಮ್ಮಿಯಿರಲಿಲ್ಲ. ಆಸನ ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಕಾರು ಅದೇ ಮಾತನ್ನು ಮತ್ತೆ ಹೇಳಿತು.

ಕಾರಿನ ಬಾಗಿಲ ಬಳಿ ನಿಂತಿದ್ದ ಇಂಚರಾಳ ಅಕ್ಕ ಸಂಹಿತಾ ನಗು ತಡೆದುಕೊಂಡಳು. 'ಮಡಿಲು' ಎಂಬ ಆ ಆಸನವನ್ನು ಕಂಡುಹಿಡಿದವಳು ಅವಳೇ. "ಅತ್ತೆ, ಅಕ್ಕಿ ಉಸಿರಾಡಲ್ಲ."

"ಮಡಿಲು ಅಂತ ಹೆಸರಿಟ್ಟು ನಮ್ಮ ಮಡಿಲಿಗೇ ಕತ್ತರಿ ಹಾಕಿದ್ಯಲ್ಲಮ್ಮ" ಎಂದರು ಚೈತ್ರಾ. "ಇವನನ್ನ ನಾನು ತೊಡೆ ಮೇಲೇ ಕೂರಿಸ್ಕೊಂಡು ಊರೆಲ್ಲ ಸುತ್ತಿದೀನಿ. ಏನಾಯ್ತು ಇವನಿಗೆ? ನೋಡು, ಆನೆ ಹಂಗವ್ನೆ."

ಆನೆಯಂತಿದ್ದ ಧ್ಯಾನ್ ಮುಂದಿನ ಸೀಟಿನಲ್ಲಿ ಕತ್ತು ತಗ್ಗಿಸಿದ.

ಕೊನೆಗೆ ನೇಸರ ಆಸನಕ್ಕೆ ಬಂದ. ಕೂರಿಸುವಾಗ ಎಲ್ಲ ಮಕ್ಕಳಂತೆ ಅವನೂ ಬಿಲ್ಲಿನ ಹಾಗೆ ಸೆಟೆದು ಕಿರುಚಿದ. ಸಂಹಿತಾ ಅವನ ಹೊಟ್ಟೆಗೆ ತುಟಿಯೊತ್ತಿ 'ಬುರ್ರ್' ಎಂದಾಗ ಮೈ ಸಡಿಲವಾಯಿತು. ಅಷ್ಟರಲ್ಲಿ ಪಟ್ಟಿಗಳನ್ನು ಹೆಗಲಿಗೇರಿಸಿ ಎಳೆದಳು. ಆಸನದ ಬಟ್ಟೆಯಲ್ಲಿ ಕೂದಲಿಗಿಂತ ಸಣ್ಣ ಸಾವಿರಾರು ಎಳೆಗಳಿದ್ದವು. ಅವು ಮಗುವಿನ ಪಕ್ಕೆಲುಬಿನ ಏರಿಳಿತವನ್ನು ಹುಡುಕುತ್ತವೆ. ಪಟ್ಟಿಗೂ ಬೆನ್ನಿಗೂ ನಡುವೆ ಒಂದೇ ಲಯದ ಉಸಿರು ಸಿಕ್ಕರೆ, ಪಟ್ಟಿ ಸಡಿಲವಿಲ್ಲದಿದ್ದರೆ, ಆಸನ ಕಾರಿನ ನೆಲಕ್ಕೆ ಗಟ್ಟಿಯಾಗಿ ಕಚ್ಚಿಕೊಂಡಿದ್ದರೆ ಮಾತ್ರ ಕಾರಿಗೆ ಅಪ್ಪಣೆ. ಕಾರು ಗಕ್ಕನೆ ನಿಂತರೆ ಮೆತ್ತಗಿರುವ ಅದೇ ಬಟ್ಟೆ ರೆಪ್ಪೆ ಮಿಟುಕಿಸುವುದರೊಳಗೆ ಕಲ್ಲಾಗುತ್ತದೆ. ಮರುಕ್ಷಣ ಮತ್ತೆ ಬಟ್ಟೆಯಾಗುತ್ತದೆ.

"ಪಾಪ, ಬೆನ್ನು ತಿರುಗಿಸಿ ಯಾಕೆ ಕೂರಿಸ್ತೀಯ? ರಸ್ತೆ ನೋಡೋದು ಬೇಡ್ವಾ ಮಗು?"

"ಎಳೇ ಮಗೂಗೆ ತಲೆಯೇ ಭಾರ, ಅತ್ತೆ. ಕತ್ತಿನ ಮೂಳೆ ಇನ್ನೂ ಕೂಡಿರಲ್ಲ. ಕಾರು ನಿಂತಾಗ ತಲೆ ಮುಂದಕ್ಕೆ ಹಾರುತ್ತೆ. ಹಿಂದುಮುಂದಾಗಿ ಕೂತಿದ್ರೆ ಇಡೀ ಬೆನ್ನು ಆ ಪೆಟ್ಟು ತಡ್ಕೊಳ್ಳುತ್ತೆ."

"ನಾನು ಹಿಡ್ಕೊಳ್ಳಲ್ವಾ?"

"ಹತ್ತು ಕೆಜಿ ಮಗು ಆ ಗಳಿಗೇಲಿ ಮುನ್ನೂರು ಕೆಜಿ ಆಗಿಬಿಡುತ್ತೆ. ಮೂರು ಅಕ್ಕಿಮೂಟೆ. ಯಾರ ಕೈಗೂ ಆಗಲ್ಲ."

ಚೈತ್ರಾ ನಂಬಲಿಲ್ಲ. ಆದರೆ ಕಾರು ಹೊರಟಿತು. ದಾರಿಯಲ್ಲಿನ ಹದಿನಾರು ಮೊಳೆ ಎಂಬ ಊರಿಗೆ ಬರುವ ಹೊತ್ತಿಗೆ ಮಗು ಬಾಯಿ ತೆರೆದು ನಿದ್ದೆಹೋಗಿತ್ತು.

ನರಸೀಪುರದ ಮನೆಯ ನಡುಮನೆಯಲ್ಲಿ ಒಂದು ಫೋಟೋ ಇತ್ತು. ಬಿಳಿ ಕಾರಿನ ಮುಂದಿನ ಸೀಟಿನಲ್ಲಿ ಇಪ್ಪತ್ತೇಳರ ಚೈತ್ರಾ. ತೊಡೆಯ ಮೇಲೆ ಹಳದಿ ಕುಲಾವಿಯ ಧ್ಯಾನ್. ಇಳಿಸಿದ ಗಾಜಿನಿಂದ ಅಮ್ಮ ಮಗ ಇಬ್ಬರೂ ನಗುತ್ತಿದ್ದಾರೆ. ಆಸನದ ಮಾತು ಬಂದಾಗಲೆಲ್ಲ ಚೈತ್ರಾ ಆ ಗೋಡೆಯ ಕಡೆ ಬೆರಳು ತೋರಿಸುತ್ತಿದ್ದರು. ವಾದ ಅಲ್ಲಿಗೆ ಮುಗಿಯುತ್ತಿತ್ತು.

ನೇಸರನಿಗೆ ವರ್ಷ ತುಂಬುವ ಮೊದಲು ಒಂದು ಭಾನುವಾರ ಸಂಹಿತಾ ಅಲ್ಲಿಗೆ ಊಟಕ್ಕೆ ಹೋಗಿದ್ದಳು. ಮಗುವಿಗೆ ಬೆಳಗಿನಿಂದ ಜ್ವರ. ಊಟದ ಎಲೆ ತೆಗೆಯುವಾಗ ಒಳಗಿನಿಂದ ಇಂಚರಾ ಕೂಗಿದಳು. ನೇಸರನ ಕಣ್ಣುಗುಡ್ಡೆ ಮೇಲೆ ಸಿಕ್ಕಿಕೊಂಡಿತ್ತು. ಕೈಕಾಲು ಅದುರುತ್ತಿದ್ದವು. ತುಟಿ ನೀಲಿಯಾಗುತ್ತಿತ್ತು.

ಎಲ್ಲರೂ ಕಾರಿಗೆ ಓಡಿದರು. ಚೈತ್ರಾ ಮಗುವನ್ನು ಬಿಡಲಿಲ್ಲ. ಸಂಹಿತಾ ಕಿತ್ತುಕೊಂಡಂತೆ ಎತ್ತಿ ಆಸನದಲ್ಲಿಟ್ಟು ಪಟ್ಟಿ ಬಿಗಿದಳು. ಎಲ್ಲ ಸರಿಯಾಗಿತ್ತು. ಆದರೂ ಕಾರು ಹೊರಡಲಿಲ್ಲ.

ಯಾಕೆಂದು ಅವಳಿಗೆ ತಕ್ಷಣ ಗೊತ್ತಾಯಿತು. ಆಸನ ಉಸಿರಿನ ಲಯ ಹುಡುಕುತ್ತಿತ್ತು. ಫಿಟ್ಸ್ ಬಂದ ಮಗುವಿನ ಎದೆಯಲ್ಲಿ ಲಯವೇ ಇರಲಿಲ್ಲ. ಅಲುಗಾಡುವ ಬೇರೇನೋ ವಸ್ತು ಇಟ್ಟಿದ್ದಾರೆಂದು ಆಸನ ತಿಳಿದಿತ್ತು. ಪ್ರಯೋಗಾಲಯದಲ್ಲಿ ಅಳುವ ಮಗು, ನಗುವ ಮಗು, ಬಿಕ್ಕಳಿಸುವ ಮಗು, ಎಲ್ಲವನ್ನೂ ಅವಳು ಅದಕ್ಕೆ ಕಲಿಸಿದ್ದಳು. ಇದನ್ನು ಕಲಿಸಿರಲಿಲ್ಲ.

"ಮಗುವನ್ನು ಆಸನದಲ್ಲಿ ಕೂರಿಸಿ" ಎಂದಿತು ಕಾರು.

"ಕೂರ್ಸಿದೀವಲ್ಲೋ" ಎಂದು ಧ್ಯಾನ್ ಡ್ಯಾಶ್‌ಬೋರ್ಡಿಗೆ ಗುದ್ದಿದ.

"ಅಕ್ಕ, ಏನಾದ್ರೂ ಮಾಡೇ."

ಆಸನದ ಬದಿಯಲ್ಲಿ ರಿಪೇರಿಯವರಿಗಾಗಿ ಒಂದು ಗುಪ್ತ ಜಾಗವಿತ್ತು. ಅಲ್ಲಿ ಸಂಹಿತಾ ಹೆಬ್ಬೆಟ್ಟು ಒತ್ತಿದರೆ ಆಸನ ನಿದ್ದೆಹೋಗುತ್ತದೆ, ಕಾರು ಅದನ್ನು ಮರೆತುಬಿಡುತ್ತದೆ. 'ತಾಯಂದಿರಿಗೂ ಇಂಥದೊಂದು ಗುಂಡಿ ಕೊಡಿ' ಎಂದು ಬಂದ ಮನವಿಗಳನ್ನೆಲ್ಲ ಅವಳು ತಳ್ಳಿಹಾಕುತ್ತ ಬಂದಿದ್ದಳು. ಗುಂಡಿ ಇದ್ದರೆ ದಿನವೂ ಒತ್ತುತ್ತಾರೆ ಎಂಬುದು ಅವಳ ವಾದವಾಗಿತ್ತು.

ಅವಳು ಹೆಬ್ಬೆಟ್ಟು ಒತ್ತಿದಳು. ಚೈತ್ರಾ ಮಗುವನ್ನು ಎತ್ತಿ ತೊಡೆಯ ಮೇಲೆ ಒಂದು ಮಗ್ಗುಲಾಗಿ ಮಲಗಿಸಿಕೊಂಡರು. ಕಾರು ಹಾರಿತು.

ಆಸ್ಪತ್ರೆ ಮುಟ್ಟುವ ಮೊದಲೇ ಅದುರುವುದು ನಿಂತಿತ್ತು. ಡಾಕ್ಟರು ಜ್ವರ ಇಳಿಸಿ, ಮಗುವಿನ ಬೆನ್ನು ತಟ್ಟುತ್ತ ಹೇಳಿದರು: "ಜ್ವರದ ಫಿಟ್ಸು. ಹೆಚ್ಚಿನ ಮಕ್ಕಳಲ್ಲಿ ಕೆಲವೇ ನಿಮಿಷದಲ್ಲಿ ತಾನಾಗೇ ನಿಲ್ಲುತ್ತೆ. ಕರ್ಕೊಂಡು ಬಂದಿದ್ದು ಒಳ್ಳೇದಾಯ್ತು. ಅಷ್ಟೊಂದು ಗಾಬರಿ ಬೇಕಿರಲಿಲ್ಲ."

ಆ ಮಾತು ಕೇಳಿಸಿಕೊಂಡದ್ದು ಸಂಹಿತಾ ಒಬ್ಬಳೇ. ಉಳಿದವರೆಲ್ಲ ಅಳುತ್ತಿದ್ದರು.

ಮನೆಗೆ ಬಂದ ಮೇಲೆ ಚೈತ್ರಾ ಅವಳ ಕೈಗೆ ಕಾಫಿ ಕೊಟ್ಟು ಎದುರಿಗೆ ಕೂತರು. ತಮಾಷೆಯ ದನಿ ಇರಲಿಲ್ಲ.

"ಒಂದು ಕೇಳ್ಲಾ?"

"ಕೇಳಿ ಅತ್ತೆ."

"ಇವತ್ತು ನೀನಿದ್ದೆ. ನಿನ್ನ ಹೆಬ್ಬೆಟ್ಟಿತ್ತು. ನೀನಿಲ್ಲದ ಮನೇಲಿ ಹಿಂಗಾದ್ರೆ ಆ ತಾಯಿ ಯಾರ ಹೆಬ್ಬೆಟ್ಟು ಹುಡ್ಕೊಂಡು ಹೋಗ್ಬೇಕು?"

ಸಂಹಿತಾ ಕಾಫಿ ಕೆಳಗಿಟ್ಟು ಮೈಸೂರಿಗೆ ಹೊರಟಳು.

ಮೈಸೂರಿನ ಪ್ರಯೋಗಾಲಯದಲ್ಲಿ ಅವಳು ತಾಯಂದಿರಿಗೂ ಗುಂಡಿ ಕೊಡೋಣವೆಂದಾಗ ಜತೆಗಾರ ಇಮ್ತಿಯಾಜ್ ಬೇಡವೆಂದ. "ಒಂದು ವರ್ಷ ಕೊಡಿ ಮೇಡಂ. ಫಿಟ್ಸ್ ಗುರುತಿಸೋದನ್ನೂ ಆಸನಕ್ಕೆ ಕಲಿಸೋಣ. ಗುಂಡಿ ಒಂದ್ಸಲ ಕೊಟ್ರೆ ವಾಪಸ್ ತಗೊಳ್ಳೋಕಾಗಲ್ಲ."

"ಆ ಒಂದು ವರ್ಷದಲ್ಲಿ ಎಷ್ಟು ಮನೆ ಬಾಗಿಲಲ್ಲಿ ಕಾರು ನಿಂತುಬಿಡುತ್ತೆ ಇಮ್ತಿಯಾಜ್? ನನ್ನ ತಂಗಿ ಮಗೂಗೆ ಒಂದು ನ್ಯಾಯ, ಉಳಿದವರಿಗೆ ಇನ್ನೊಂದಾ?"

ಹಳದಿ ಗುಂಡಿ ಬಂತು. ಒತ್ತಿದರೆ ಆಸನ ಒಂದೇ ಪ್ರಶ್ನೆ ಕೇಳುತ್ತದೆ: "ಏನು ತುರ್ತು?" ಯಾವ ಉತ್ತರ ಕೊಟ್ಟರೂ ಕಾರು ಹೊರಡುತ್ತದೆ. ಪ್ರಶ್ನೆ ಇಟ್ಟದ್ದು ಒಂದು ಗಳಿಗೆ ಯೋಚಿಸಲಿ ಎಂದಷ್ಟೆ. ಉತ್ತರಗಳು, ಹೆಸರಿಲ್ಲದೆ, ಪ್ರಯೋಗಾಲಯಕ್ಕೆ ಬರುತ್ತಿದ್ದವು.

ಮೊದಲ ವಾರಗಳಲ್ಲಿ ಸಂಹಿತಾ ಒಂದೊಂದನ್ನೂ ಕೇಳಿದಳು. "ಮಗು ಬಾವಿಕಟ್ಟೆಯಿಂದ ಬಿದ್ದಿದೆ." "ಉಸಿರಾಡ್ತಿಲ್ಲ, ಬೇಗ." ನಡುಗುವ ದನಿಗಳು. ಕೊಟ್ಟದ್ದು ಒಳ್ಳೆಯದಾಯಿತು ಎಂದುಕೊಂಡಳು. ಮದುವೆಯ ತಿಂಗಳುಗಳು ಬಂದವು. ದನಿಗಳು ಬದಲಾದವು.

"ಅಳ್ತಾ ಇದೆ ಮಗು."

"ಇಲ್ಲೇ, ಪಕ್ಕದ ಬೀದಿ."

"ಅವರಜ್ಜಿ ಊರಿಂದ ಬಂದಿದ್ದಾರೆ, ಎತ್ಕೊಳ್ಳಲಿ ಬಿಡಿ."

"ಮುಹೂರ್ತ ಮೀರ್ತಿದೆ."

"ಹೊಸ ಲಂಗ, ಸುಕ್ಕಾಗುತ್ತೆ."

"ಕೇಳೋಕೆ ನೀನ್ಯಾವನೋ?" ಹಿಂದೆಯೇ ಕಾರಿನ ತುಂಬ ನಗು.

ಇಮ್ತಿಯಾಜ್ ಆಸನಕ್ಕೆ ಫಿಟ್ಸ್ ಗುರುತಿಸುವುದನ್ನು ಕಲಿಸಿ ಮುಗಿಸಿದ. ಇನ್ನು ಆ ಕಾರಣಕ್ಕೆ ಗುಂಡಿ ಬೇಕಿರಲಿಲ್ಲ. ಇಬ್ಬರೂ ತಯಾರಕರ ಬಳಿ ಹೋದರು. ಗುಂಡಿಯಿಲ್ಲದ ಆಸನ ಯಾರೂ ಕೊಳ್ಳುವುದಿಲ್ಲ ಎಂದು ಅವರು ನಯವಾಗಿ ಹೇಳಿ ಟೀ ಕೊಟ್ಟು ಕಳಿಸಿದರು.

ನೇಸರನಿಗೆ ಎರಡು ದಾಟಿತು. ಈಗ ಅವನು ಆಸನವನ್ನು 'ನನ್ ಮನೆ' ಎನ್ನುತ್ತಿದ್ದ. ಕೂರಿಸುವಾಗ ಅಳುವುದನ್ನು ಬಿಟ್ಟಿದ್ದ. ತನ್ನ ಬಟ್ಟೆಯ ಮೊಲವನ್ನೂ ಪಟ್ಟಿಯೊಳಗೆ ತೂರಿಸಿ, "ಇದ್ಕೂ ಕಟ್ಟು" ಎನ್ನುತ್ತಿದ್ದ.

ಬೀದಿಯ ಆಚೆ ತುದಿಯಲ್ಲಿ ನೆಂಟರ ಮನೆಯ ನಾಮಕರಣ. ಇಂಚರಾ ಧ್ಯಾನ್ ಮೊದಲೇ ಹೋಗಿದ್ದರು. ಚೈತ್ರಾ ಮೊಮ್ಮಗನಿಗೆ ಜರಿಯಂಚಿನ ಪಂಚೆ ಉಡಿಸಿ ಕರೆತರುವವರಿದ್ದರು. ಆಸನದಲ್ಲಿ ಕೂತರೆ ಪಂಚೆ ಕಳಚುತ್ತದೆ. ಅವರು ಗುಂಡಿ ಒತ್ತಿದರು. ಕಾರು ನಲವತ್ತರ ವೇಗದಲ್ಲಿತ್ತು. ಮುಂದಿದ್ದ ಕಬ್ಬಿನ ಟ್ರಾಕ್ಟರು ತಿರುವಿನಲ್ಲಿ ಗಕ್ಕನೆ ನಿಂತಿತು. ಕಾರು ಚೆನ್ನಾಗಿಯೇ ಬ್ರೇಕು ಹಾಕಿತು. ಟ್ರಾಕ್ಟರಿಗೆ ತಾಗಲೂ ಇಲ್ಲ. ಕಾರಿಗೆ ಒಂದು ಗೆರೆಯೂ ಬೀಳಲಿಲ್ಲ.

ಚೈತ್ರಾರ ಎರಡೂ ಮಣಿಕಟ್ಟು ಮುರಿದಿದ್ದವು. ಆಸ್ಪತ್ರೆಯಲ್ಲಿ ಸಂಹಿತಾಳನ್ನು ಕಂಡೊಡನೆ ಅವರು ಹೇಳಿದ್ದು ಒಂದೇ ಮಾತು.

"ನಾನು ಬಿಡ್ಲಿಲ್ಲ ಕಣಮ್ಮ. ಗಟ್ಟಿಯಾಗೇ ಹಿಡ್ಕೊಂಡಿದ್ದೆ."

"ಗೊತ್ತು ಅತ್ತೆ."

"ನನ್ನ ಕೈ ನೋಡು. ಬಿಟ್ಟಿದ್ರೆ ಹಿಂಗಾಗ್ತಿತ್ತಾ?"

"ಗೊತ್ತು."

ನೇಸರ ಬದುಕಿದ. ಮುಂದಿನ ಸೀಟಿನ ಬೆನ್ನಿಗೆ ತಲೆ ಬಡಿದು ಕತ್ತಿನ ಬಳಿ ನರಕ್ಕೆ ಪೆಟ್ಟಾಗಿತ್ತು. ಎಡಗೈ ಅಲುಗುತ್ತಿರಲಿಲ್ಲ. ಬರಬಹುದು, ಬಾರದೆಯೂ ಇರಬಹುದು, ಮಕ್ಕಳ ಮೈ ನಮಗೆ ಗೊತ್ತಿರುವುದಕ್ಕಿಂತ ಜಾಣ, ಕಾಯೋಣ ಎಂದರು ಡಾಕ್ಟರು.

ನೇಸರನ ಆಸನದಲ್ಲೇ ಉಳಿದಿದ್ದ ಉತ್ತರವನ್ನು ಸಂಹಿತಾ ಕೇಳಬಾರದೆಂದುಕೊಂಡೂ ಕೇಳಿದಳು. ಚೈತ್ರಾರದೇ ದನಿ, ಸಲಿಗೆಯ ದನಿ. "ಏನಿಲ್ಲ ಕಣಪ್ಪ. ಇಲ್ಲೇ, ಬೀದಿ ತುದಿಗೆ."

ಮನೆಗೆ ಕರೆದೊಯ್ಯುವ ದಿನ ಇಂಚರಾ ಮಗುವನ್ನು ಆಸನದಲ್ಲಿ ಕೂರಿಸಿದಳು. ನಿಶ್ಚಲ ಎಡಗೈಯನ್ನು ಪಟ್ಟಿಯೊಳಗೆ ನಿಧಾನವಾಗಿ ತೂರಿಸಿದಳು. ಅತ್ತೆಯೊಡನೆ ಅವಳು ಆ ದಿನಗಳಲ್ಲಿ ಬೇಕಾದಷ್ಟೇ ಮಾತಾಡುತ್ತಿದ್ದಳು. ಪಕ್ಕದಲ್ಲಿ ಚೈತ್ರಾ ಎರಡೂ ಕೈಗೆ ಪ್ಲಾಸ್ಟರು ಕಟ್ಟಿಸಿಕೊಂಡು ಕೂತಿದ್ದರು. ಮೂಗು ಒರೆಸಿಕೊಳ್ಳಲೂ ಆಗುತ್ತಿರಲಿಲ್ಲ.

"ಇಂಚರಾ" ಎಂದರು ಮೆಲ್ಲಗೆ, "ಆ ಹೆಗಲ ಹತ್ರ ಪಟ್ಟಿ ಚಿವುಟಿ ನೋಡು. ಬೆರಳಿಗೆ ಮಡಿಕೆ ಸಿಕ್ಕಿದ್ರೆ ಇನ್ನೂ ಎಳಿ. ನಿಮ್ಮಕ್ಕ ಹಂಗೇ ಮಾಡ್ತಿದ್ಲು."

ಇಂಚರಾ ಚಿವುಟಿದಳು. ಮಡಿಕೆ ಸಿಕ್ಕಿತು. ಎಳೆದಳು. ಮತ್ತೆ ಚಿವುಟಿದಾಗ ಬೆರಳು ಜಾರಿತು.

"ಮೊಲಕ್ಕೂ" ಎಂದ ನೇಸರ.

ಮೊಲವನ್ನು ಪಟ್ಟಿಗೆ ಕಟ್ಟುವಂತಿಲ್ಲವೆಂದು ಸಂಹಿತಾ ಹಿಂದೆ ಹಲವು ಸಲ ಹೇಳಿದ್ದಳು. ಈಗ ಅದನ್ನು ಅವನ ಬಲಗೈಗೆ ಕೊಟ್ಟಳು. "ಮೊಲವನ್ನ ನೀನೇ ಹಿಡ್ಕೋ ಬಂಗಾರ."

ಕಾರು ಹೊರಟಿತು.

"ಆ ಗುಂಡಿ ಕಿತ್ತುಹಾಕಕ್ಕಾಗುತ್ತಾ?" ಚೈತ್ರಾ ಕೇಳಿದರು.

"ಇದರದ್ದಾ? ನಾಳೆಯೇ ಕಿತ್ತುಹಾಕ್ತೀನಿ."

"ಇದರದ್ದು ಬಿಡು. ಎಲ್ಲರದೂ."

ಸಂಹಿತಾ ಕಿಟಕಿಯ ಕಡೆ ತಿರುಗಿದಳು. ಎದುರಿನಿಂದ ಬಂದ ಕಾರಿನಲ್ಲಿ ಒಂದು ಮಗು ಯಾರದೋ ತೊಡೆಯ ಮೇಲೆ ನಿಂತು ಗಾಜಿಗೆ ಅಂಗೈ ಒತ್ತಿ ನಗುತ್ತಿತ್ತು. ಅದರ ಹಿಂದಿನ ಕಾರಿನಲ್ಲೂ ಒಂದು ಮಗು.

ಮನೆ ತಲುಪಿ ಮಗುವನ್ನು ಮಲಗಿಸಿದ ಮೇಲೆ ಇಂಚರಾ ನಡುಮನೆಯ ಗೋಡೆಯ ಮೇಲಿನ ಫೋಟೋ ತೆಗೆಯಹೋದಳು.

"ಇರ್ಲಿ ಬಿಡು" ಎಂದರು ಚೈತ್ರಾ. "ಅವತ್ತು ಏನೂ ಆಗ್ಲಿಲ್ಲ. ಅದಕ್ಕೇ ಇಷ್ಟೆಲ್ಲ ಆಗಿದ್ದು."

ಸಂಹಿತಾ ಫೋಟೋದ ಹತ್ತಿರ ಹೋಗಿ ನಿಂತಳು. ಮೂಲೆಯಲ್ಲಿ ಇಸವಿ ಇತ್ತು: ೨೦೨೭. ಬಿಳಿ ಕಾರು, ಇಳಿಸಿದ ಗಾಜು. ಹಳದಿ ಕುಲಾವಿಯ ಮಗುವಿನ ಬಾಯಿಂದ ಜೊಲ್ಲು ಇಳಿಯುತ್ತಿತ್ತು. ಮಗುವನ್ನು ಬಳಸಿದ್ದ ಆ ಎಳೆಯ ತಾಯಿಯ ಎರಡು ಕೈ. ಇನ್ನೇನು ಕಾರು ಹೊರಡಲಿದೆ. ಅದಕ್ಕೆ ಹಳದಿ ಗುಂಡಿ ಇಲ್ಲ. ಬೇಕಿರಲೂ ಇಲ್ಲ. ಮಗು ಎಲ್ಲಿದೆಯೆಂದು ಆ ಕಾರು ಯಾರನ್ನೂ ಕೇಳುವುದಿಲ್ಲ. ಓಡಿಸುವವನಿಗೆ 'ನಡಿ' ಎಂದರೆ ನಡೆಯುತ್ತದೆ.

ಅವಳಿಗೆ ಆ ಇಳಿಸಿದ ಗಾಜಿನೊಳಗೆ ಬಗ್ಗಿ, ನಗುತ್ತಿರುವ ಆ ತಾಯಿಯನ್ನು ಬೇಸರವಿಲ್ಲದ ದನಿಯಲ್ಲಿ ಒಂದೇ ಒಂದು ಮಾತು ಕೇಳಬೇಕೆನಿಸಿತು.

ಏನು ತುರ್ತು?